ಅಜ್ಜನ ಮನೆ: ಮೊದಲ ಗುದ್ದಲಿ ಎಲ್ಲಿಗೆ?

ಪ್ರಶ್ನೆ: ಸಾಗರದ ಬಳಿ ನಮ್ಮ ಅಜ್ಜ ಕಟ್ಟಿಸಿದ ಹೆಂಚಿನ ತೊಟ್ಟಿ ಮನೆ ಪಾಲಿನಲ್ಲಿ ನನಗೆ ಬಂದಿದೆ. ಮಣ್ಣಿನ ಗೋಡೆ. ಅಜ್ಜಿ ತೀರಿಕೊಂಡ ಮೇಲೆ ಬೀಗ ಹಾಕಿಯೇ ಇತ್ತು. ಹಿಂಬದಿಯ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆಯಾಗಿ ಉದುರುತ್ತಿದೆ. ಗುತ್ತಿಗೆದಾರರು, ‘ಗೋಡೆ ಕೆತ್ತಿ ಸಿಮೆಂಟ್ ಹೊಡೆಯೋಣ, ನೆಲಕ್ಕೆ ಟೈಲ್ಸ್ ಹಾಕೋಣ’ ಎನ್ನುತ್ತಾರೆ. ಮನೆಯವರಿಗೆ ಕೋಣೆಗೆ ಹೊಂದಿಕೊಂಡ ಬಚ್ಚಲು ಬೇಕಂತೆ. ಸಂಕ್ರಾಂತಿ ಕಳೆದ ಮೇಲೆ ಕೆಲಸ ಹಿಡಿಯಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸಿಮೆಂಟ್ ಚೀಲ ಅಂಗಳಕ್ಕೆ ಬಂದು ಬೀಳುವ ಮೊದಲೇ ಬರೆದಿರಿ, ಒಳ್ಳೆಯದಾಯಿತು. ಮಣ್ಣಿನ ಗೋಡೆ ನೆಲದಿಂದ ಹೀರಿದ ತೇವವನ್ನು ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಮೊದಮೊದಲು ನೋಡಲು ಚೆಂದ. ಆಮೇಲೆ ಗಾರೆ ಹಪ್ಪಳದಂತೆ ಉಬ್ಬಿ, ಬೀಳುವಾಗ ಗೋಡೆಯ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ.

ಗುದ್ದಲಿ ಮೊದಲು ಹಿತ್ತಿಲಿಗೆ ಹೋಗಲಿ. ಧರೆಯಿಂದ, ಅಂದರೆ ಮನೆಯ ಹಿಂದೆ ಕಡಿದ ಗುಡ್ಡದ ಅಂಚಿನಿಂದ, ಜಾರಿದ ಮಣ್ಣು, ತರಗೆಲೆ ಎಲ್ಲ ಸೇರಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ ನೋಡಿ. ನೀವು ಹೇಳುವ ಲಕ್ಷಣಕ್ಕೆ ಬಹುಪಾಲು ಇದೇ ಕಾರಣ. ಪಾಯದ ಕಲ್ಲು ಕಾಣುವವರೆಗೆ ಮಣ್ಣು ತೆಗೆಸಿ. ಪಾಯದ ಬುಡ ಮಾತ್ರ ಕೆದಕಬೇಡಿ. ಸೂರಿನ ನೀರು ದೂರ ಹರಿಯುವಂತೆ ಕಾಲುವೆ ಮಾಡಿಸಿ. ಬೇಸಿಗೆಯಿಡೀ ಗೋಡೆ ಆರಲಿ. ಸಿಮೆಂಟಿನ ಬದಲು ಬಳಿಯಬೇಕಾದ ಸುಣ್ಣದ ಗಾರೆಯ ಮಾತು ಆಮೇಲೆ.

ಗೋಡೆ ಆರುವಷ್ಟರಲ್ಲಿ ನೀವು ಅಟ್ಟ ಹತ್ತಿ. ಉರಿಬಿಸಿಲಿನ ಹೊತ್ತಿಗೆ ಹತ್ತಿದರೆ ಒಡೆದ ಹೆಂಚಿನ ಸಂದಿಯಿಂದ ಬೆಳಕು ಬೀಳುವುದು ಕಾಣುತ್ತದೆ. ಸೀಮೆಸುಣ್ಣದಿಂದ ಗುರುತು ಹಾಕಿ. ತೊಟ್ಟಿ ಮನೆಯ ನಿಜವಾದ ಶತ್ರು ಮಾಡಿನ (ಚಾವಣಿಯ) ಎರಡು ಇಳಿಜಾರು ಕೂಡುವ ಮೂಲೆಯಲ್ಲಿ ನೀರು ಹರಿಯಲು ಇಟ್ಟ ತಗಡಿನ ದೋಣಿ. ಅದು ತುಕ್ಕು ಹಿಡಿದು ತೂತಾದರೆ ಎರಡೂ ಕಡೆಯ ನೀರು ಮರದ ಮೇಲೆಯೇ ಸುರಿಯುತ್ತದೆ. ತೊಲೆ ಗೋಡೆಯೊಳಗೆ ಹೊಕ್ಕ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ನಡುವೆ ಕಬ್ಬಿಣದಂತಿರುವ ತೊಲೆಯೂ ಅಲ್ಲಿ ಲಡ್ಡಾಗಿರುವುದುಂಟು. ತುದಿಯಷ್ಟೇ ಹಾಳಾಗಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಬೆಸೆಯುವ ಬಡಗಿಗಳು ನಿಮ್ಮ ಕಡೆ ಇನ್ನೂ ಇದ್ದಾರೆ. ಗುತ್ತಿಗೆದಾರರಿಗಿಂತ ಮೊದಲು ಅವರನ್ನು ಕರೆಸಿ.

ಹೆಂಚು ಇಳಿಸಿದಾಗ ಒಂದನ್ನು ಕೈಯಲ್ಲಿ ಹಿಡಿದು ಅಚ್ಚೊತ್ತಿದ ಹೆಸರು ಓದಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿ ಹಲವು ಕಾರ್ಖಾನೆಗಳು ಹುಟ್ಟಿದವು. ನೋಡಲು ಒಂದೇ ಥರ ಕಂಡರೂ ಒಬ್ಬರ ಹೆಂಚಿನ ಕಚ್ಚಿಗೆ ಇನ್ನೊಬ್ಬರದು ಸರಿಯಾಗಿ ಕೂರುವುದಿಲ್ಲ. ಹಳೆಯ ಹೆಂಚು ಕೊಳ್ಳಲು ಹೋಗುವಾಗ ಮಾದರಿಗೆ ಒಂದನ್ನು ಕಾರಿನಲ್ಲಿ ಇಟ್ಟುಕೊಂಡೇ ಹೋಗಿ. ಇಡೀ ಮಾಡನ್ನು ಒಟ್ಟಿಗೆ ಬಿಚ್ಚಲು ಬಿಡಬೇಡಿ. ಒಂದು ಮಗ್ಗುಲು ಹೊದಿಸಿ ಮುಗಿದ ಮೇಲೆ ಇನ್ನೊಂದು. ಏಪ್ರಿಲ್‌ನ ಗುಡುಗು ಮಳೆ ಮುಹೂರ್ತ ಕೇಳಿ ಬರುವುದಿಲ್ಲ.

ಟೈಲ್ಸ್ ಸದ್ಯ ಬೇಡ. ನೆಲದ ತೇವ ಅದರಡಿ ಸಿಕ್ಕಿಬಿದ್ದು ಗೋಡೆಯ ಕಡೆಗೇ ತಿರುಗುತ್ತದೆ.

ಬಚ್ಚಲಿನ ವಿಷಯ: ಮಣ್ಣಿನ ಗೋಡೆ ಕೊರೆದು ಪೈಪ್ ಹುದುಗಿಸುವ ಯೋಚನೆಯನ್ನೇ ಬಿಡಿ. ಎಲ್ಲೋ ಒಂದು ಕಡೆ ಸೋರಿದರೆ ಗೊತ್ತಾಗುವುದೇ ಗೋಡೆ ಕುಸಿದಾಗ. ಬಚ್ಚಲನ್ನು ಮನೆಗೆ ತಾಗಿಸದೆ, ಬೇರೆಯೇ ಪಾಯ ಹಾಕಿ ಕಟ್ಟಿಸಿ, ನಡುವೆ ಹೆಂಚಿನ ಮಾಡು ಇಳಿಸಿ. ಮನೆಯವರು ನಾಲ್ಕು ಹೆಜ್ಜೆ ನಡೆಯಬೇಕಾಗುತ್ತದೆ. ಆ ಪಂಚಾಯಿತಿ ಮಾತ್ರ ನಿಮಗೇ ಬಿಟ್ಟದ್ದು.