ನೋ ಎಂಟ್ರಿಗೆ ಮುಂಚೆ ಊರು ಸೇರಲೇಬೇಕಾ?

(ಲಾರಿ ಲೈನಿನವರ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರ. ಬರೆಯುವವರು ಯಶವಂತಪುರದ ಲಾರಿ ಆಫೀಸೊಂದರಲ್ಲಿ ಬುಕಿಂಗ್ ಗುಮಾಸ್ತೆಯಾಗಿ ಸೇರಿ, ಗಾಡಿ ಕಳಿಸುವ ಇಡೀ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು.)

ಪ್ರಶ್ನೆ: ಪೀಣ್ಯದಲ್ಲಿ ಅಪ್ಪ ಕಟ್ಟಿದ ಟ್ರಾನ್ಸ್‌ಪೋರ್ಟ್ ಆಫೀಸನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹನ್ನೆರಡು ಲಾರಿ, ಹುಬ್ಬಳ್ಳಿ ಮತ್ತು ಪುಣೆ ಲೈನ್. ಈ ವರ್ಷ ನಮ್ಮ ಎರಡು ಲಾರಿ ಶಿರಾ, ತುಮಕೂರು ನಡುವೆ ಮುಂದಿನ ಗಾಡಿಗೆ ಹಿಂದಿನಿಂದ ಗುದ್ದಿವೆ. ಎರಡೂ ಬೆಳಗಿನ ಜಾವ. ಪುಣ್ಯಕ್ಕೆ ಯಾರ ಜೀವವೂ ಹೋಗಿಲ್ಲ. ಎಲ್ಲ ಗಾಡಿಗೂ ಜಿಪಿಎಸ್ ಹಾಕಿಸಿದೆ, ಸ್ಪೀಡ್ ಜಾಸ್ತಿಯಾದರೆ ದಂಡ ಹಾಕುತ್ತೇನೆ. ಆದರೂ ಇವರಿಗೆ ಬುದ್ಧಿ ಬರುತ್ತಿಲ್ಲ. ಆ ಇಬ್ಬರು ಡ್ರೈವರ್‌ಗಳನ್ನು ಬಿಡಿಸಿಬಿಡಲೇ?

ಉತ್ತರ: ಬಿಡಿಸುವ ಮುಂಚೆ ಆ ಎರಡು ಟ್ರಿಪ್‌ಗಳ ಫಾಸ್ಟ್‌ಟ್ಯಾಗ್ ಮೆಸೇಜ್ ತೆಗೆದು ನೋಡಿ. ಯಾವ ಟೋಲ್ ಎಷ್ಟು ಗಂಟೆಗೆ ದಾಟಿದ, ನಡುವೆ ಎಲ್ಲಾದರೂ ನಿಂತನಾ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದೇ ಹಾಳೆಯ ಮೇಲ್ಗಡೆ, ಆ ದಿನ ಹುಬ್ಬಳ್ಳಿಯ ಗೋಡೌನ್ ಮುಂದೆ ಲೋಡಿಂಗಿಗೆ ಎಷ್ಟು ಹೊತ್ತಿಗೆ ಹೋಗಿ ನಿಂತಿದ್ದ ಅನ್ನುವುದನ್ನೂ ಬರೆಯಿರಿ. ಇದನ್ನು ಯಾರೂ ಬರೆಯುವುದಿಲ್ಲ. ಟ್ರಿಪ್ ಶೀಟ್ ಶುರುವಾಗುವುದೇ ಗಾಡಿ ಹೊರಟಾಗ, ಅಲ್ವಾ?

ನಾನು ನೋಡಿದ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ. ಬೆಳಗ್ಗೆ ಏಳಕ್ಕೆ ಎದ್ದವನು ಇಡೀ ದಿನ ಬಿಸಿಲಲ್ಲಿ ಸರದಿ ಕಾದ. ಲೋಡ್ ಆಗಿದ್ದು ರಾತ್ರಿ ಎಂಟಕ್ಕೆ. ಶಿರಾ ದಾಟುವಾಗ ನಸುಕಿನ ನಾಲ್ಕು. ಅಲ್ಲಿಗೆ ಅವನು ಎದ್ದು 21 ಗಂಟೆ. 17 ಗಂಟೆ ನಿದ್ದೆಗೆಟ್ಟವನ ಚುರುಕುತನ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯ ಇರುವವನಷ್ಟು ಕುಗ್ಗಿರುತ್ತದೆ ಎಂದು ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಮ್ಮ ಕಾನೂನಿನಲ್ಲಿ 30 ದಾಟಿದರೇ ಕೇಸು. ಕುಡಿದ ಡ್ರೈವರ್ ಕೈಗೆ ನೀವು ಕೀ ಕೊಡುವುದಿಲ್ಲ. ಇವನಿಗೆ ಕೊಟ್ಟಿದ್ದೀರಿ.

ನಿಮ್ಮ ಜಿಪಿಎಸ್ ಇದನ್ನು ಹಿಡಿಯುವುದಿಲ್ಲ. ಗಂಟೆಗೆ 60 ಕಿ.ಮೀ.ನಲ್ಲಿ ಹೋಗುವವನು ದಂಡಕ್ಕೆ ಸಿಗುವುದಿಲ್ಲ. ಅದೇ ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಲಾರಿ 50 ಮೀಟರ್ ಮುಂದೆ ಹೋಗಿರುತ್ತದೆ. ಬೆಳಗಿನ ಜಾವ ಎರಡರಿಂದ ಐದರವರೆಗೆ ಮೈ ತಾನಾಗಿಯೇ ನಿದ್ದೆ ಕೇಳುತ್ತದೆ. ಚಹಾ ಕುಡಿದರೂ, ಎಲೆಅಡಿಕೆ ಹಾಕಿದರೂ ಅಷ್ಟೇ.

ಈಗ ನಿಮ್ಮನ್ನೇ ಕೇಳುತ್ತೇನೆ. ಅವನು ಆ ಹೊತ್ತಿನಲ್ಲಿ ಯಾಕೆ ಓಡಿಸುತ್ತಿದ್ದ? ಬೆಂಗಳೂರಿನಲ್ಲಿ ಹಗಲು ದೊಡ್ಡ ಗಾಡಿಗೆ ನೋ ಎಂಟ್ರಿ. ಅದು ಶುರುವಾಗುವ ಮುಂಚೆ ಗೊರಗುಂಟೆಪಾಳ್ಯ ದಾಟಿ ಒಳಗೆ ಬಂದುಬಿಡಬೇಕು. ಇಲ್ಲದಿದ್ದರೆ ಊರ ಹೊರಗೆ ಮಾದಾವರದ ಹತ್ತಿರ ಇಡೀ ದಿನ ನಿಲ್ಲಬೇಕು, ಗೂಡ್ಸ್ ಒಂದು ದಿನ ಲೇಟು, ಪಾರ್ಟಿ (ಲೋಡ್ ಕೊಟ್ಟ ಗಿರಾಕಿ) ಬೈಯುತ್ತಾನೆ, ನೀವು ಇವನಿಗೆ ಬೈಯುತ್ತೀರಿ. ತುಮಕೂರು ರಸ್ತೆಯಲ್ಲಿ ನಸುಕಿನಲ್ಲಿ ಓಡುವ ಅರ್ಧ ಲಾರಿಗಳ ತಲೆಯಲ್ಲಿ ಇದೇ ಲೆಕ್ಕ. ಹಾಗಾಗಿ ಮೊದಲು ಬದಲಾಗಬೇಕಿರುವುದು ಆ ಗಡುವು. ದಾಬಸ್‌ಪೇಟೆ ಅಥವಾ ನೆಲಮಂಗಲದ ಕಡೆ ಸಣ್ಣ ಗೋಡೌನ್ ಹಿಡಿಯಿರಿ. ದೊಡ್ಡ ಗಾಡಿ ಅಲ್ಲಿಗೇ ನಿಲ್ಲಲಿ. ಒಳಗೆ ತರಲು ಚಿಕ್ಕ ಟೆಂಪೊ ಸಾಕು, ಅದಕ್ಕೂ ಟೈಮಿಂಗ್ ಕೇಳಿಕೊಳ್ಳಿ. ಬಾಡಿಗೆ ದುಬಾರಿ ಅನ್ನುತ್ತೀರಿ. ಎರಡು ಗಾಡಿಯ ಮುಂಭಾಗ ಕಟ್ಟಿಸಿದ ಬಿಲ್ಲನ್ನೂ ಪಕ್ಕದಲ್ಲಿಟ್ಟು ನೋಡಿ.

ಡ್ರೈವರ್‌ಗೆ ಕೊಡುವ ಬತ್ತೆಯನ್ನೂ (ದಾರಿ ಖರ್ಚಿನ ಭತ್ಯೆ) ನೋಡಬೇಕು. ಟ್ರಿಪ್ ಲೆಕ್ಕದಲ್ಲಿ ಬತ್ತೆ ಕೊಟ್ಟರೆ ನಿಂತವನಿಗೆ ನಷ್ಟ, ಓಡಿದವನಿಗೆ ಲಾಭ. ದಿನದ ಲೆಕ್ಕದಲ್ಲಿ ಕೊಡಿ. ದಾರಿಯಲ್ಲಿ ಮಲಗಿದ ದಿನಕ್ಕೂ ಕೊಡಿ. ಗಾಡಿ ಕಾಯಿಸಿದ್ದಕ್ಕೆ ಪಾರ್ಟಿಯಿಂದ ಹಾಲ್ಟಿಂಗ್ ಚಾರ್ಜ್ ವಸೂಲಿ ಮಾಡುತ್ತೀರಲ್ಲ, ಅದರಲ್ಲೂ ಅವನಿಗೆ ಪಾಲು ಇರಲಿ. ಕಾದವನು ಅವನು ತಾನೇ?

ಕೆಲವು ಸೂಪರ್‌ವೈಸರ್‌ಗಳು ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಅವಧಿ ಮುಗಿದುಹೋಗುತ್ತದೆ ಎಂದು ಹೆದರಿಸಿ ಓಡಿಸುತ್ತಾರೆ. ಸುಮ್ನೆ ನೆಪ. 200 ಕಿ.ಮೀ.ಗೆ ಒಂದು ದಿನ ಕೊಡುತ್ತಾರೆ. ಪುಣೆಗೆ ಐದು ದಿನ ಸಿಗುತ್ತದೆ. ಸಾಲದಿದ್ದರೆ ಮುಗಿಯುವ ಮುಂಚಿನ ಎಂಟು ಗಂಟೆಯಲ್ಲಿ ಅಥವಾ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಬಹುದು. ಇನ್ನು ಕೆಲಸದ ಹೊತ್ತಿನ ಮಾತು ಹೊಸದೇನಲ್ಲ. ದಿನಕ್ಕೆ 8 ಗಂಟೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ನಮ್ಮ ಲೈನಿನಲ್ಲಿ ಅದನ್ನು ಓದಿದವರು ಕಡಿಮೆ.

ಇನ್ನೊಂದು. ಗಾಡಿ ಓಡುತ್ತಿರುವಾಗ ‘ಎಲ್ಲಿದ್ದೀಯಪ್ಪ’ ಎಂದು ಫೋನ್ ಮಾಡುವುದನ್ನು ನೀವು ನಿಲ್ಲಿಸಿ. ಜಿಪಿಎಸ್ ಹಾಕಿಸಿದ್ದೀರಲ್ಲ, ನೋಡಿಕೊಳ್ಳಿ. ನಿಂತಾಗ ಮಾಡಿ. ಆ ಇಬ್ಬರನ್ನು ಕೂರಿಸಿಕೊಂಡು, ಗುದ್ದಿದ್ದರ ಬಗ್ಗೆ ಅಲ್ಲ, ಗುದ್ದದೆ ತಪ್ಪಿದ್ದರ ಬಗ್ಗೆ ಕೇಳಿ. ಎಲ್ಲೆಲ್ಲಿ ಕಣ್ಣು ಎಳೆದಿತ್ತು, ಎಲ್ಲಿ ಡಿವೈಡರ್‌ಗೆ ತಾಗಿತ್ತು ಅಂತ. ಹೇಳಿದ್ದಕ್ಕೆ ದಂಡ ಹಾಕುವುದಿಲ್ಲ ಎಂದು ಮೊದಲೇ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಒಮ್ಮೆ ತಪ್ಪಿದರೆ ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ನಮ್ಮನೆಯವರು ಮಂಗಳೂರು ಲೈನಿನ ಡ್ರೈವರ್. ಬ್ರೇಕ್‌ನಲ್ಲಿ ಏರ್ (ಬ್ರೇಕ್ ಹಿಡಿಸುವ ಗಾಳಿಯ ಒತ್ತಡ) ನಿಲ್ಲುತ್ತಿಲ್ಲ ಎಂದರೂ ‘ಈ ಟ್ರಿಪ್ ಹೋಗಿ ಬಾ, ಆಮೇಲೆ ನೋಡೋಣ’ ಅನ್ನುತ್ತಾರೆ. ಆಗಲ್ಲ ಎಂದರೆ ಟ್ರಿಪ್ ಬೇರೆಯವರಿಗೆ. ಮನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ. ಏನು ಮಾಡಲಿ? (ಸುಂಕದಕಟ್ಟೆ)

ಉತ್ತರ: ನಿಮ್ಮ ಭಯ ಸರಿಯಾಗಿದೆ ತಾಯಿ. ಶಿರಾಡಿ ಘಾಟಿ ಇಳಿಯುವ ಗಾಡಿಗೆ ಏರ್ ನಿಲ್ಲದಿದ್ದರೆ ಅದು ಹೊರಡಲೇಬಾರದು.

ಅವರಿಗೆ ಹೀಗೆ ಹೇಳಿ. ‘ಹೋಗಲ್ಲ’ ಅನ್ನುವುದು ಬೇಡ. ಏರ್ ಗೇಜಿನ ಫೋಟೊ ತೆಗೆದು, ಗಾಡಿ ನಂಬರ್ ಸಮೇತ ಸೂಪರ್‌ವೈಸರ್‌ಗೆ ವಾಟ್ಸ್ಆ್ಯಪ್ ಮಾಡಲಿ. ‘ಏರ್ ನಿಲ್ಲುತ್ತಿಲ್ಲ, ಸರಿ ಮಾಡಿಸಿ ಕೊಡಿ, ತಕ್ಷಣ ಹೊರಡುತ್ತೇನೆ’ ಎಂದು ಬರೆಯಲಿ. ಬಾಯಲ್ಲಿ ಹೇಳಿದ್ದನ್ನು ಕೇಳಿಲ್ಲ ಅನ್ನಬಹುದು, ಮೊಬೈಲಿಗೆ ಬಂದದ್ದನ್ನು ಅನ್ನಲಾಗುವುದಿಲ್ಲ. ದೋಷ ಗೊತ್ತಿದ್ದೂ ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯಲ್ಲಿ ತಪ್ಪು, ಗೊತ್ತಿದ್ದೂ ಓಡಿಸಲು ಬಿಟ್ಟವರದೂ ತಪ್ಪು. ಮೆಸೇಜ್ ಓದಿದ ಮೇಲೆ ‘ಹೋಗು’ ಎಂದು ಟೈಪ್ ಮಾಡಲು ಎಂಥ ಸೂಪರ್‌ವೈಸರ್‌ಗೂ ಕೈ ಹಿಂಜರಿಯುತ್ತದೆ.

ಡೀಸೆಲ್ ಉಳಿಯುತ್ತದೆ ಎಂದು ಇಳಿಜಾರಲ್ಲಿ ನ್ಯೂಟ್ರಲ್ ಹಾಕುತ್ತಾರಾ ಅಂತಲೂ ಕೇಳಿ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಡೀಸೆಲ್ ಬೇಕು. ಉಳಿತಾಯ ಎಲ್ಲಿ ಬಂತು? ಎಂಜಿನ್ನಿನ ತಡೆ ಹೋದರೆ ಇಡೀ ಭಾರ ಬ್ರೇಕ್ ಮೇಲೆ. ಚಕ್ರದೊಳಗಿನ ಬ್ರೇಕ್ ಡ್ರಮ್ ಬಿಸಿಯಾಗುತ್ತದೆ, ಕಾದ ಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಎಂಜಿನ್ ಆಫ್ ಮಾಡಿದರಂತೂ ಏರ್ ತುಂಬುವ ಕಂಪ್ರೆಸರ್ರೇ ನಿಲ್ಲುತ್ತದೆ. 2022ರ ನವೆಂಬರಿನಲ್ಲಿ ಪುಣೆಯ ನವಲೆ ಸೇತುವೆ ಇಳಿಜಾರಿನಲ್ಲಿ ಲಾರಿಯೊಂದು ಹತ್ತಾರು ವಾಹನಗಳಿಗೆ ಗುದ್ದಿತಲ್ಲ, ಅದರ ಡ್ರೈವರ್ ಎಂಜಿನ್ ಆಫ್ ಮಾಡಿದ್ದ ಎಂದೇ ಪೊಲೀಸರು ಹೇಳಿದ್ದು. ಹತ್ತಿದ ಗೇರ್‌ನಲ್ಲೇ ಇಳಿಯಬೇಕು ಎಂದು ಹಳೆಯ ಡ್ರೈವರ್‌ಗಳು ಹೇಳುವುದು ಸರಿ.

ಪ್ರಶ್ನೆ: ಪಾರ್ಟಿ ಎರಡು ಟನ್ ಜಾಸ್ತಿ ಹಾಕಿಸುತ್ತಾನೆ. ಬೇಡ ಅಂದರೆ ಮುಂದಿನ ಲೋಡ್ ಕೊಡುವುದಿಲ್ಲ. (ಹೊಸಕೋಟೆ)

ಉತ್ತರ: ಓವರ್‌ಲೋಡಿಗೆ ದಂಡ 20,000 ರೂಪಾಯಿ, ಜತೆಗೆ ಮಿತಿ ಮೀರಿದ ಪ್ರತಿ ಟನ್ನಿಗೆ 2,000. ನಿಮಗೆ 24,000. ಜತೆಗೆ ಅಲ್ಲೇ ಇಳಿಸುವ ಖರ್ಚು. ಆ ಎರಡು ಟನ್ನಿಗೆ ನಿಮಗೆ ಸಿಗುವ ಬಾಡಿಗೆ ಎಷ್ಟು ಎಂದು ಪಾರ್ಟಿಯ ಎದುರೇ ಲೆಕ್ಕ ಹಾಕಿ, ‘ದಂಡ ನಾನು ಕಟ್ಟುತ್ತೇನೆ’ ಎಂದು ಬರೆದು ಕೊಡಲು ಅವನನ್ನೇ ಕೇಳಿ. ಯಾರೂ ಬರೆದು ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ನಮ್ಮ ಕ್ಲೀನರ್ ಹುಡುಗನಿಗೆ ಹತ್ತೊಂಬತ್ತು. ಕಾರಿನ ಲೈಸೆನ್ಸ್ ಇದೆ, ಲಾರಿ ಚೆನ್ನಾಗಿ ಓಡಿಸುತ್ತಾನೆ. ರಾತ್ರಿ ಸ್ವಲ್ಪ ಹೊತ್ತು ಅವನ ಕೈಗೆ ಕೊಟ್ಟರೆ ಡ್ರೈವರ್‌ಗೂ ನಿದ್ದೆ ಆಗುತ್ತಲ್ಲ? (ಯಶವಂತಪುರ)

ಉತ್ತರ: ಕೊಡಬೇಡಿ. ಸಾರಿಗೆ ವಾಹನ ಓಡಿಸಲು 20 ತುಂಬಿರಬೇಕು. ಕಾರಿನ ಲೈಸೆನ್ಸ್ ಬಂದು ಒಂದು ವರ್ಷ ಆಗಿರಬೇಕು, ಆಮೇಲೆ ಲಾರಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್). ಅದಿಲ್ಲದೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಪರಿಹಾರ ಕೊಟ್ಟು, ಆ ದುಡ್ಡನ್ನು ನಿಮ್ಮಿಂದ ವಸೂಲಿ ಮಾಡಲು ಬರುತ್ತಾರೆ. ಹುಡುಗ ಚುರುಕಾಗಿದ್ದಾನೆ ಅಂತೀರಿ, ಒಳ್ಳೆಯದು. ಇಪ್ಪತ್ತು ತುಂಬಿದ ತಕ್ಷಣ ಹೆವಿ ಗಾಡಿಯ ಡ್ರೈವಿಂಗ್ ಸ್ಕೂಲಿಗೆ ಸೇರಿಸಿ. ಫೀಸು ನೀವೇ ಕಟ್ಟಿ, ಸಂಬಳದಲ್ಲಿ ಮುರಿಯಬೇಡಿ.