ಬಾಲ್ ಪೈಥಾನ್ ಮರಿಯನ್ನು ಯಾರಿಂದ ಕೊಳ್ಳಬೇಕು?

ಪ್ರಶ್ನೆ: ನಮ್ಮದು ವಿರಾಜಪೇಟೆ ಸಮೀಪದ ಕಾಫಿ ತೋಟದ ಮನೆ. ಚಿಕ್ಕಂದಿನಿಂದಲೂ ಹಾವುಗಳ ಬಗ್ಗೆ ಆಸಕ್ತಿಯಿರುವ ನಮ್ಮ ಮಗ ಈಗ ಬಾಲ್ ಪೈಥಾನ್ ಮರಿಯೊಂದನ್ನು ಸಾಕಬೇಕೆಂದು ಹಟ ಹಿಡಿದಿದ್ದಾನೆ. ಮೊಬೈಲಿನಲ್ಲಿ ಪರಿಚಯವಾದ ಮಾರಾಟಗಾರರೊಬ್ಬರು, ಮುಂಗಡ ಹಣ ಹಾಕಿದರೆ ಮರಿಯನ್ನು ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತೇನೆ, ಕಾಗದಪತ್ರವೇನೂ ಬೇಕಿಲ್ಲ ಎನ್ನುತ್ತಾರೆ. ಅವರನ್ನು ನಂಬಬಹುದೇ? ಇಲ್ಲವೇ ತೋಟದಲ್ಲೇ ಸಿಗುವ ಹೆಬ್ಬಾವಿನ ಮರಿಯನ್ನು ಸಾಕಬಹುದೇ?

– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ತೋಟದ ಹೆಬ್ಬಾವು, ಗದ್ದೆಯ ಬದುವಿನ ಕೇರೆ, ನಾಗರ, ಕಾಳಿಂಗ ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ, ಮರಿಯಾದರೂ ಅಷ್ಟೇ.

ಬಾಲ್ ಪೈಥಾನಿನ ವಿಚಾರ ಬೇರೆ. ಅದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹೆಬ್ಬಾವು, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇದೇ ಕಾಯ್ದೆ ಹಾಗೂ 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ, ಇಂಥ ಪ್ರಾಣಿಯನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಬೇಕು. ಮೊಟ್ಟೆಯೊಡೆದು ಮರಿ ಬಂದಾಗಲೂ, ಹಾವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗಲೂ ಅದನ್ನು ಅಲ್ಲಿ ತಿಳಿಸಬೇಕು. ಒಳ್ಳೆಯ ಬ್ರೀಡರ್‌ನನ್ನು, ಅಂದರೆ ಮರಿ ಮಾಡಿಸಿ ಮಾರುವವನನ್ನು, ಗುರುತಿಸಲು ನಿಮಗೆ ಸಿಗುವ ಅತ್ಯಂತ ಗಟ್ಟಿಯಾದ ದಾರಿ ಇದೇ ಎಂಬುದು ನನ್ನ ಅಭಿಪ್ರಾಯ. ನಿಜವಾಗಿಯೂ ತನ್ನಲ್ಲೇ ಮರಿ ಮಾಡಿಸುವವನ ಬಳಿ ತಾಯಿ, ತಂದೆ ಹಾವುಗಳ ನೋಂದಣಿಯೂ ಈ ಮರಿಗಳ ಜನನದ ದಾಖಲೆಯೂ ಇರಲೇಬೇಕು. ಕಾಗದ ಬೇಡ ಎನ್ನುವವರ ಮರಿ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲಗಳಿಂದ ಹೆಬ್ಬಾವಿನ ಮರಿಗಳನ್ನು ಹಲವು ಬಾರಿ ವಶಪಡಿಸಿಕೊಂಡಿದ್ದಾರೆ. ನಿಮಗೆ ಬಂದಿರುವ ಕರೆಯನ್ನು ದಯವಿಟ್ಟು ಅಲ್ಲಿಗೇ ಬಿಡಿ, ಮುಂಗಡ ಹಣವನ್ನೂ ಕಳಿಸಬೇಡಿ.

ದಾಖಲೆ ಸರಿಯಿದ್ದರೂ ಮಗನನ್ನು ಕರೆದುಕೊಂಡು ಸ್ವತಃ ಹೋಗಿ ನೋಡದೆ ಕೊಳ್ಳಬೇಡಿ. ತಾಯಿ ಹಾವನ್ನು ತೋರಿಸಲು ಹೇಳಿ. ಮರಿ ಯಾವ ದಿನ ಹೊರಬಂತು, ಮೊದಲ ಪೊರೆ ಯಾವಾಗ ಬಿಟ್ಟಿತು, ಆಮೇಲೆ ಎಷ್ಟು ಸಲ ಇಲಿ ತಿಂದಿತು ಎಂಬುದನ್ನು ಬರೆದಿಟ್ಟವರು ಆ ಹಾಳೆಯನ್ನು ಕೇಳುವ ಮುನ್ನವೇ ಮುಂದಿಡುತ್ತಾರೆ. ಬಾಲ್ ಪೈಥಾನ್ ಊಟ ಬಿಡುವುದರಲ್ಲಿ ಹೆಸರುವಾಸಿ. ಆದ್ದರಿಂದ ನಾಲ್ಕೈದು ಸಲವಾದರೂ ತಾನಾಗಿ ತಿಂದಿರದ ಮರಿಯನ್ನು ಹೊಸಬರು ಮನೆಗೆ ತರಬಾರದು. ಬಿಳಿಯ ಹತ್ತಿಬಟ್ಟೆಯನ್ನು ಕೈಯಲ್ಲಿ ಹಿಡಿದು ಅದರೊಳಗಿಂದ ಮರಿಯನ್ನು ನಿಧಾನವಾಗಿ ಹರಿಯಬಿಡಿ. ಬಟ್ಟೆಗೆ ಗಸಗಸೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಅಂಟಿ ಹರಿದಾಡಿದರೆ ಅವು ಹಾವಿನ ರಕ್ತ ಹೀರುವ ನುಸಿಗಳು. ನೀರಿನ ಬಟ್ಟಲಿನ ತಳದಲ್ಲೂ ಅವು ಸತ್ತು ಬಿದ್ದಿರುತ್ತವೆ, ಅಲ್ಲಿಯೂ ನೋಡಿ. ಬಾಯಂಚಿನಲ್ಲಿ ಜೊಲ್ಲಿನ ಗುಳ್ಳೆ, ಉಸಿರಿನಲ್ಲಿ ಗೊರಗೊರ ಸದ್ದು ಇದ್ದರೆ ಶ್ವಾಸಕೋಶದ ಸೋಂಕಿರಬಹುದು. ಬಣ್ಣದ ಮೋಹಕ್ಕೆ ಬಿದ್ದು ಸ್ಪೈಡರ್ ಎಂಬ ಬಗೆಯನ್ನು ಆರಿಸಬೇಡಿ. ಆ ಬಣ್ಣ ತರುವ ವಂಶವಾಹಿಯೇ ತಲೆ ತೂಗಾಡುವ ನರದೋಷವನ್ನೂ ತರುತ್ತದೆ, ಅದನ್ನು ಮುಚ್ಚಿಡದೆ ಹೇಳುವವರೇ ನಂಬಿಕಸ್ಥರು.

ನಿಮ್ಮ ಮನೆಗೆ ಬಂದು ಬ್ರೀಡರ್ ನೋಡಲಾರರು, ಆದರೆ ಮನೆಯ ಬಗ್ಗೆ ಕೇಳಬೇಕು. ಈ ಹಾವಿನ ಪೆಟ್ಟಿಗೆಯ ಒಂದು ಬದಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 26ರ ಆಸುಪಾಸು ಇರಬೇಕು. ಅಷ್ಟು ಬಿಸಿ ಸಿಗದಿದ್ದರೆ ತಿಂದ ಇಲಿ ಜೀರ್ಣವಾಗದೆ ಹಾವು ಅದನ್ನು ಕಕ್ಕಿಬಿಡುತ್ತದೆ. ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ, ಮರ ಬಿದ್ದರೆ ದಿನಗಟ್ಟಲೆ ಕರೆಂಟಿರುವುದಿಲ್ಲ. ಥರ್ಮೋಸ್ಟಾಟ್ ಇರುವ ಬಿಸಿ ಹಾಸು ಮತ್ತು ಅದಕ್ಕೆ ಇನ್ವರ್ಟರ್ ಸಂಪರ್ಕ, ಇವೆರಡಿಲ್ಲದೆ ಈ ಪ್ರಾಣಿ ನಿಮ್ಮಲ್ಲಿ ಬಾಳುವುದಿಲ್ಲ. ಊರಿನ ಹವೆಯನ್ನು ವಿಚಾರಿಸದೆ ಮಾರಲು ಹೊರಟವರಿಂದ ಕೊಳ್ಳಬೇಡಿ.

ಇನ್ನೊಂದು ಮಾತನ್ನು ಮಗನ ಎದುರಿಗೇ ಕುಳಿತು ಆಡಿ: ಈ ಹಾವು 20ರಿಂದ 30 ವರ್ಷ ಬದುಕುತ್ತದೆ, ಅವನು ಓದಲು ಮೈಸೂರಿಗೋ ಮಂಗಳೂರಿಗೋ ಹೋದ ಮೇಲೆ ಇಲಿ ತಿನ್ನಿಸುವ ಕೆಲಸ ನಿಮ್ಮದಾಗುತ್ತದೆ. ಎಲ್ಲರೂ ಒಪ್ಪಿದರೆ ಮಳೆ ಕಳೆದ ಮೇಲೆ, ಖಾಲಿ ಪೆಟ್ಟಿಗೆಯನ್ನೇ ಎರಡು ವಾರ ಬಿಸಿಯಲ್ಲಿಟ್ಟು, ಬೆಳಿಗ್ಗೆ ಮತ್ತು ರಾತ್ರಿ ಉಷ್ಣಾಂಶವನ್ನು ಅವನಿಂದಲೇ ಬರೆಸಿ. ಆ ಅಂಕಿಗಳು ಸ್ಥಿರವಾಗಿ ನಿಂತ ಮೇಲೆ ಬ್ರೀಡರ್‌ಗೆ ಫೋನ್ ಮಾಡಿ.