ಟಿಕ್ ಟ್ಯಾಕ್ ಟೋ ಬೇಜಾರಾದ ಮೇಲೆ

ರೈಲಿನಲ್ಲಿ ಇಬ್ಬರು ಮಕ್ಕಳಿಗೆ ಪೇಪರ್-ಪೆನ್ಸಿಲ್ಲಿನ ಯಾವ ಆಟ ಆಡಿಸಲಿ, ಟಿಕ್ ಟ್ಯಾಕ್ ಟೋ ಸಾಕಾಗಿದೆ ಅಂತ ಕೇಳಿದ್ದೀರಿ. ನನಗೆ ಚುಕ್ಕಿ-ಚೌಕದ ಆಟವೇ ಎಲ್ಲಕ್ಕಿಂತ ಇಷ್ಟ. 5 ಸಾಲು, ಸಾಲಿಗೆ 5 ಚುಕ್ಕಿ ಇಡಿ. 16 ಚೌಕ ಆಗುತ್ತವೆ. ಸರದಿಯಂತೆ ಪಕ್ಕಪಕ್ಕದ ಎರಡು ಚುಕ್ಕಿ ಸೇರಿಸಿ ಗೆರೆ ಎಳೆಯಬೇಕು. ಚೌಕ ಮುಚ್ಚಿದವರು ಒಳಗೆ ತಮ್ಮ ಹೆಸರಿನ ಅಕ್ಷರ ಬರೆದು, ಇನ್ನೊಂದು ಗೆರೆ ಎಳೆಯುತ್ತಾರೆ.

ದೊಡ್ಡ ಮಗುವಿಗೆ ಒಂದು ಗುಟ್ಟು ಹೇಳಿಕೊಡಿ. ಕೊನೆಕೊನೆಗೆ ಉದ್ದಕ್ಕೆ ಸಾಲಾಗಿ ಚೌಕ ಸಿಕ್ಕಾಗ ಎಲ್ಲವನ್ನೂ ಬಾಚಿಕೊಳ್ಳಬಾರದು. ಕೊನೆಯ ಎರಡನ್ನು ಬಿಟ್ಟು, ಅವುಗಳ ಆಚೆ ತುದಿಯ ಗೆರೆ ಎಳೆಯಬೇಕು. ಎದುರಿನವರು ಆ ಎರಡನ್ನು ತಗೊಂಡು, ಮುಂದಿನ ಚೌಕಗಳ ಸಾಲಿನಲ್ಲಿ ಮೊದಲ ಗೆರೆ ತಾವೇ ಎಳೆದು, ಆ ಚೌಕಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಇದು ಮೊದಲ ಸಲ ಹೊಳೆದಾಗ ಮಕ್ಕಳ ಮುಖ ನೋಡಬೇಕು! ರೈಲು ಕುಲುಕಿ ಗೆರೆ ಸೊಟ್ಟಗಾದರೂ ಪರವಾಗಿಲ್ಲ, ಆಟ ಕೆಡುವುದಿಲ್ಲ.